ಒಂದು ಗುಲಗಂಜಿ ಹೆಚ್ಚು, ಒಂದು ಗುಲಗಂಜಿ ಕಡಿಮೆ

ನಂಜನಗೂಡು 571301



ಟಿ. ನರಸೀಪುರದಿಂದ ನೀವು ಬರೆದ ಕಾರ್ಡು ಈಚೆಗೆ ಕೈಸೇರಿತು. ಈಗಲೂ ಕಾರ್ಡಿನಲ್ಲಿ ಬರೆಯುವವರಿದ್ದಾರಲ್ಲ ಎಂಬ ಖುಷಿಗೆ ಎರಡು ದಿನ ಅದನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡಿದ್ದೆ. ನೀವು ಕೇಳಿದ್ದು ಒಂದೇ ಪ್ರಶ್ನೆ, ಅದೂ ಸ್ವಲ್ಪ ಖಾರವಾಗಿ: ನಾಲ್ಕು ಕೋಟಿ ಅಂಕೆಗಳ ಅವಿಭಾಜ್ಯ ಸಂಖ್ಯೆ ಸಿಕ್ಕಿದೆಯಂತೆ, ಸಿಕ್ಕಿದರೆ ಏನೀಗ, ಅದರಿಂದ ಯಾರ ಹೊಟ್ಟೆ ತುಂಬುತ್ತೆ?

ಉತ್ತರ ಹೇಳುತ್ತೇನೆ, ಸ್ವಲ್ಪ ಸುತ್ತುಬಳಸಿ. ತಪ್ಪು ನಿಮ್ಮ ಕಾರ್ಡಿನದೇ. ಪ್ರಶ್ನೆ ಓದುವ ಮೊದಲೇ ನನ್ನ ಕಣ್ಣು ವಿಳಾಸದ ಕೆಳಗಿನ ಆರು ಚೌಕಗಳ ಮೇಲೆ ಬಿತ್ತು. ಒಂದೊಂದು ಚೌಕದಲ್ಲಿ ಒಂದೊಂದು ಅಂಕೆ, ಮುತ್ತು ಪೋಣಿಸಿದ ಹಾಗೆ: 571301. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿದವನಿಗೆ ಇಂಥ ಸಂಖ್ಯೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆಸಸಂಖ್ಯೆ, ಆದ್ದರಿಂದ ಎರಡಕ್ಕೆ ಹೋಗದು. ಕೊನೆಯಲ್ಲಿ ಐದೂ ಇಲ್ಲ, ಸೊನ್ನೆಯೂ ಇಲ್ಲ. ಅಂಕೆಗಳನ್ನು ಕೂಡಿದರೆ 17, ಹಾಗಾಗಿ ಮೂರಕ್ಕೂ ಹೋಗದು. ನಮ್ಮೂರಿನ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯೇ ಇರಬಹುದೇ?

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೆ ಮುಂಚೆ ಊರಿನ ಹೆಸರೊಂದೇ ಕಾಗದವನ್ನು ಮನೆ ಮುಟ್ಟಿಸಬೇಕಿತ್ತು. ನಮ್ಮಿಬ್ಬರ ತಾಲ್ಲೂಕುಗಳಿಗೂ ಮೊದಲ ಮೂರಂಕೆ 571. ಅದಂತೂ ಅವಿಭಾಜ್ಯವೇ, ಬೇಕಾದರೆ 23ರವರೆಗೆ ಭಾಗಿಸಿ ನೋಡಿ. ಆರೂ ಅಂಕೆ ಸೇರಿದ ಮೇಲೆ ಮಾತ್ರ ಒಬ್ಬೊಬ್ಬರದು ಒಂದೊಂದು ಹಣೆಬರಹ. ನಿಮ್ಮ 571124 ಸಮಸಂಖ್ಯೆ, ನೋಡಿದ ತಕ್ಷಣ ಔಟ್. ತಲಕಾಡಿನ 571122 ಕೂಡ ಹಾಗೇ. ಬನ್ನೂರಿನ 571101 ಮೂರಕ್ಕೆ ಸಿಕ್ಕಿಬಿತ್ತು. ಸುತ್ತೂರಿನ 571129 ಸ್ವಲ್ಪ ಹೊತ್ತು ತಾಳಿಕೊಂಡು ಹದಿಮೂರರ ಮಗ್ಗಿಗೆ ಬಿತ್ತು. ಉಳಿದದ್ದು ನಂಜನಗೂಡು.

ಅವಿಭಾಜ್ಯ ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಈ ಕಾಗದವನ್ನು ನಿಮ್ಮ ಮೊಮ್ಮಕ್ಕಳೂ ಓದಬಹುದು, ಅವರಿಗಾಗಿ ಎರಡು ಮಾತು. ಕಪಿಲೆಯ ದಡದಲ್ಲಿ ನಮ್ಮ ಹದಿನಾರು ಕಾಲು ಮಂಟಪ ನೋಡಿದ್ದೀರಲ್ಲ, ಹೊಳೆ ತುಂಬಿದಾಗ ಟಿವಿಯವರು ಮೊದಲು ತೋರಿಸುವುದು ಅದನ್ನೇ. ಹದಿನಾರು ಕಂಬಗಳನ್ನು ನಾಲ್ಕು ನಾಲ್ಕರಂತೆ ನಾಲ್ಕು ಸಾಲು ನಿಲ್ಲಿಸಬಹುದು. ಒಂದು ಕಂಬ ತೆಗೆದರೆ ಹದಿನೈದು: ಮೂರರಂತೆ ಐದು ಸಾಲು, ಆಗಲೂ ಮಂಟಪ ಕಟ್ಟಬಹುದು. ಒಂದು ಕಂಬ ಹೆಚ್ಚಿಗೆ ತಂದರೆ ಹದಿನೇಳು. ಈ ಹದಿನೇಳನ್ನು ಯಾವ ಸ್ಥಪತಿಯೂ ಸರಿಸಮ ಸಾಲು ಮಾಡಿ ನಿಲ್ಲಿಸಲಾರ. ಒಂದೇ ಉದ್ದ ಸಾಲು, ಅಷ್ಟೇ. ಅದು ಅವಿಭಾಜ್ಯ.

ಹಾಗಾದರೆ 571301 ಕಂಬ ತಂದರೆ ಮಂಟಪ ಏಳುತ್ತದೆಯೋ ಇಲ್ಲವೋ? ಕ್ಯಾಲ್ಕುಲೇಟರ್ ಮುಟ್ಟಬಾರದು ಅಂತ ಹಟ ಹಿಡಿದು ನೋಟ್‌ಬುಕ್ ತೆಗೆದುಕೊಂಡು ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತೆ. ಈ ಸಂಖ್ಯೆಯ ವರ್ಗಮೂಲ 755ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ 755ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದರಾಚೆಯ ಅಪವರ್ತನ ಇದ್ದರೆ ಅದರ ಜೋಡಿ ಈಚೆಗೇ ಸಿಕ್ಕಿರಬೇಕು. ಅಂಥವು ಒಟ್ಟು 133. ಏಳರಿಂದ ಭಾಗಿಸಿದೆ, ಮೂರು ಉಳಿಯಿತು. ಹನ್ನೊಂದಕ್ಕೆ ಐದು. ಹದಿಮೂರಕ್ಕೆ ಮತ್ತೆ ಮೂರು. 29ಕ್ಕೆ ಬಂದಾಗ ಒಂದು ಉಳಿಯಿತು, ಎದೆ ಸ್ವಲ್ಪ ಹೊಡೆದುಕೊಂಡಿತು. 197ಕ್ಕೂ ಒಂದೇ ಉಳಿಯಿತು. ಕೂದಲೆಳೆಯಲ್ಲಿ ಪಾರು! ನೂರನೆಯ ಅವಿಭಾಜ್ಯ 541. ಅದಕ್ಕೆ ಐದು ಉಳಿಯಿತು. ಅಷ್ಟರಲ್ಲಿ ಎರಡು ಸಂಜೆ ಕಳೆದಿದ್ದವು. ಮೂರನೆಯ ಸಂಜೆ ಕಾಫಿ ಕುಡಿಯುವ ಜಾಗದಲ್ಲಿ ನಾಲ್ಕು ಜನರೆದುರು ಬಾಯಿಬಿಟ್ಟೆ: "ನಮ್ಮೂರು ಅವಿಭಾಜ್ಯ ಕಣ್ರೀ, ಯಾರಿಂದಲೂ ಒಡೆಯೋಕೆ ಆಗಲ್ಲ."

ಮನೆಗೆ ಬಂದು ಉಳಿದ ಲೆಕ್ಕ ಮುಗಿಸೋಣ ಅಂತ ಕುಳಿತೆ. 643ಕ್ಕೆ 317 ಉಳಿಯಿತು. ಮುಂದಿನದು 647, ಸಾಲಿನಲ್ಲಿ ನೂರ ಹದಿನೆಂಟನೆಯದು. ಎಂಟು ಸಲ ಹೋಯಿತು, ಮತ್ತೆ ಎಂಟು ಸಲ, ಕೊನೆಗೆ ಮೂರು. ಶೇಷ ಸೊನ್ನೆ. ನಂಬಿಕೆ ಬರದೆ ಗುಣಿಸಿ ನೋಡಿದೆ: 647 × 883 = 571301. 133 ಬಾಗಿಲುಗಳಲ್ಲಿ 117 ತಟ್ಟಿದ ಮೇಲೆ ತೆರೆದ ಬಾಗಿಲು. ಮಾರನೆಯ ಸಂಜೆ ಕಾಫಿಯ ದುಡ್ಡು ನಾನೇ ಕೊಟ್ಟೆ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಸೋತರೂ ಆ ನೋಟ್‌ಬುಕ್ಕಿನಲ್ಲಿ ಒಂದು ಚಂದದ ವಿಷಯ ಸಿಕ್ಕಿತು, ಅದಕ್ಕೆ ನಿಮ್ಮೂರಿನದೇ ನಂಟು. 29ಕ್ಕೂ 197ಕ್ಕೂ ಒಂದೊಂದೇ ಯಾಕೆ ಉಳಿಯಿತು? 571300 ಅನ್ನುವುದು 29 × 197 × 100. ಅಂದರೆ ಎರಡು, ಐದು, 29, 197 ಇವು ನಾಲ್ಕನ್ನೇ ಗುಣಿಸಿ ಗುಣಿಸಿ ಮಾಡಿದ ಸಂಖ್ಯೆ. ಅದಕ್ಕೆ ಒಂದು ಸೇರಿಸಿದರೆ ನಮ್ಮ ಪಿನ್ ಕೋಡ್. ಸೇರಿಸಿದ ಆ ಒಂದು, ಈ ನಾಲ್ವರಲ್ಲಿ ಯಾರಿಗೂ ಜೀರ್ಣವಾಗದು. ಯಾರು ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ. ನಿಮ್ಮ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆಯಲ್ಲ. ಕಾಶಿಗಿಂತ ನಿಮ್ಮ ತಿರುಮಕೂಡಲು ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡ್ ಮಾಡಿದ್ದೂ ಗುಲಗಂಜಿಯ ಲೆಕ್ಕವೇ. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ತನ್ನಿ, ಎಲ್ಲವನ್ನೂ ಗುಣಿಸಿ, ಮೇಲೆ ಒಂದು ಗುಲಗಂಜಿ ಇಡಿ ಅಂದ. ಬಂದ ಸಂಖ್ಯೆಯನ್ನು ನಿಮ್ಮ ಪಟ್ಟಿಯಲ್ಲಿರುವ ಯಾವುದೂ ಭಾಗಿಸದು. ಅಂದಮೇಲೆ ಪಟ್ಟಿಯ ಹೊರಗೆ ಇನ್ನೊಂದು ಅವಿಭಾಜ್ಯ ಇರಲೇಬೇಕು. ಪಟ್ಟಿ ಎಷ್ಟೇ ಉದ್ದವಿರಲಿ, ಮಾತು ಅದೇ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಣ್ಣ ಸಾಧನೆ ಇವತ್ತಿಗೂ ನನಗೆ ಸಿಕ್ಕಿಲ್ಲ.

ಈಗ ನಿಮ್ಮ ನಾಲ್ಕು ಕೋಟಿ ಅಂಕೆಯ ಮಹಾಶಯನ ಕಡೆಗೆ ಬರೋಣ. ಅವನದು ಗುಲಗಂಜಿ ಕಡಿಮೆಯ ಲೆಕ್ಕ. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ ಕೊನೆಗೆ ಒಂದು ಕಳೆಯುವುದು: 4ರಲ್ಲಿ ಒಂದು ಹೋದರೆ 3, 8ರಲ್ಲಿ ಹೋದರೆ 7, 32ರಲ್ಲಿ ಹೋದರೆ 31. ಎಲ್ಲ ಅವಿಭಾಜ್ಯ. ಹದಿನಾರು ಕಾಲು ಮಂಟಪದ ಹದಿನೈದು ಮಾತ್ರ ಕೈಕೊಟ್ಟಿತು, ಏಕೆಂದರೆ 16 ಅಂದರೆ ನಾಲ್ಕು ಎರಡುಗಳ ಗುಣಲಬ್ಧ, ನಾಲ್ಕು ಅವಿಭಾಜ್ಯವಲ್ಲ. ಎರಡುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಆಗಿದ್ದರೂ ಗ್ಯಾರಂಟಿ ಇಲ್ಲ. ಹನ್ನೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047, ಅದು 23 × 89. ಇಂಥವುಗಳಲ್ಲಿ ನಿಜಕ್ಕೂ ಅವಿಭಾಜ್ಯವಾದವಕ್ಕೆ ಮರ್ಸೆನ್ ಅವಿಭಾಜ್ಯಗಳು ಅಂತ ಹೆಸರು. 1644ರಲ್ಲಿ ಇವುಗಳ ಪಟ್ಟಿ ಕೊಟ್ಟ ಫ್ರಾನ್ಸಿನ ಪಾದ್ರಿ ಮರ್ಸೆನ್‌ನಿಂದ ಬಂದ ಹೆಸರು. ಆ ಪಟ್ಟಿಯಲ್ಲಿ ತಪ್ಪುಗಳಿದ್ದವು. ಹೆಸರು ಮಾತ್ರ ಗಟ್ಟಿಯಾಗಿ ನಿಂತಿತು!

2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ಈ ಜಾತಿಯ 52ನೆಯದು, ಅಲ್ಲಿಯವರೆಗೆ ಗೊತ್ತಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದು. 13,62,79,841 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ. ಅಂಕೆಗಳು 4,10,24,320. ಪುಟಕ್ಕೆ ಮೂರು ಸಾವಿರ ಅಂಕೆಯಂತೆ ಅಚ್ಚು ಹಾಕಿಸಿದರೆ 13,675 ಪುಟ. ಇಷ್ಟು ದೊಡ್ಡದರ ಬಗ್ಗೆ ನಮ್ಮಂಥವರು ಏನು ಹೇಳಲು ಸಾಧ್ಯ ಅನ್ನಬೇಡಿ, ಅದರ ಕೊನೆಯ ಅಂಕೆಯನ್ನು ನೀವು ಕುಳಿತಲ್ಲೇ ಹೇಳಬಹುದು. ಎರಡರ ಘಾತಗಳ ಕೊನೆಯ ಅಂಕೆ 2, 4, 8, 6 ಅಂತ ನಾಲ್ಕು ಹೆಜ್ಜೆಗೊಮ್ಮೆ ಸುತ್ತು ಬರುತ್ತದೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಅಂದರೆ ಸುತ್ತಿನ ಮೊದಲ ಹೆಜ್ಜೆ, ಅಂಕೆ 2. ಅದರಲ್ಲಿ ಒಂದು ಕಳೆದರೆ 1. ಹದಿಮೂರು ಸಾವಿರ ಚಿಲ್ಲರೆ ಪುಟಗಳ ಪುಸ್ತಕದ ಕೊನೆಯ ಅಕ್ಷರ ಓದಿದಿರಿ, ಪುಸ್ತಕ ತೆರೆಯದೆ. ಕಂಪ್ಯೂಟರಿನ ಎರಡಂಕೆಯ ಲಿಪಿಯಲ್ಲಿ ಬರೆದರಂತೂ ಇದು ಬರೀ ಒಂದು, ಒಂದು, ಒಂದು. ಹದಿಮೂರೂವರೆ ಕೋಟಿಗೂ ಹೆಚ್ಚು ಒಂದುಗಳು ಸಾಲಾಗಿ, ನಡುವೆ ಒಂದು ಸೊನ್ನೆಯೂ ಇಲ್ಲ.

ಇದು ಅವಿಭಾಜ್ಯ ಅಂತ ಯಾರು ಭಾಗಿಸಿ ನೋಡಿದರು ಅಂತ ನೀವು ಕೇಳಬೇಕು. ಯಾರೂ ಭಾಗಿಸಿಲ್ಲ. ನನ್ನಂತೆ ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಬಾಗಿಲು ತಟ್ಟುತ್ತಾ ಹೋದರೆ ಸೂರ್ಯ ಆರಿಹೋದರೂ ಮುಗಿಯದು. ಅಪವರ್ತನ ಹುಡುಕದೆಯೇ ಸಂಖ್ಯೆ ಒಡೆಯುತ್ತದೋ ಇಲ್ಲವೋ ಹೇಳುವ ದಾರಿಗಳಿವೆ. 1640ರಲ್ಲಿ ಫರ್ಮಾ ಎಂಬ ಗಣಿತಜ್ಞ ಕಂಡದ್ದು ನೋಡಿ. 17 ಅವಿಭಾಜ್ಯ, ಅದಕ್ಕಿಂತ ಒಂದು ಕಡಿಮೆ, ಅಂದರೆ 16 ಎರಡುಗಳನ್ನು ಗುಣಿಸಿದರೆ 65536, ಅದನ್ನು 17ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಎರಡೊಂದನ್ನು ಬಿಟ್ಟು ಯಾವ ಅವಿಭಾಜ್ಯಕ್ಕಾದರೂ ಹೀಗೆ ಒಂದು ಉಳಿಯಲೇಬೇಕು. ಈಗ 15 ತೆಗೆದುಕೊಳ್ಳಿ. 14 ಎರಡುಗಳ ಗುಣಲಬ್ಧ 16384. ಹದಿನೈದರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ. ಆಯಿತು, ಸಿಕ್ಕಿಬಿತ್ತು. ಮೂರು, ಐದು ಅನ್ನುವ ಹೆಸರೇ ಎತ್ತದೆ 15 ಒಡೆಯುವ ಸಂಖ್ಯೆ ಅಂತ ತೀರ್ಮಾನವಾಯಿತು. (341 ಅನ್ನುವ ಒಬ್ಬ ಕಳ್ಳ ಈ ಪರೀಕ್ಷೆಯಲ್ಲೂ ಪಾಸಾಗುತ್ತಾನೆ, ಅವನು 11 × 31. ಅಂಥವರಿಗೆ ಬೇರೆ ಬಿಗಿ ಪರೀಕ್ಷೆಗಳಿವೆ. ಯಾವ ಸಂಖ್ಯೆಗಾದರೂ ಸಂಶಯಕ್ಕೆಡೆಯಿಲ್ಲದೆ, ಬೇಗ ಉತ್ತರ ಕೊಡುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟರು.)

ಮರ್ಸೆನ್ ಜಾತಿಗೆ ಇನ್ನೂ ಸೊಗಸಾದ ಪರೀಕ್ಷೆಯಿದೆ. ನಾಲ್ಕರಿಂದ ಶುರುಮಾಡಿ. ವರ್ಗ ಮಾಡಿ ಎರಡು ಕಳೆಯಿರಿ: 14. ಅದು ಏಳಕ್ಕೆ ಹೋಗುತ್ತದೆ, ಆದ್ದರಿಂದ ಏಳು ಅವಿಭಾಜ್ಯ. ನಿಮ್ಮೂರಿನ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದ್ದು ನೆನಪಾಗುತ್ತದೆ, ಇಲ್ಲೂ ನಾಲ್ಕರಿಂದ ಏಳಕ್ಕೆ! 31ಕ್ಕೆ ಮೂರು ಸಲ ಮಾಡಬೇಕು: 14, 194, 37634. ಕೊನೆಯದು 31 × 1214. ಪಾಸು. ಹೊಸ ಮಹಾಶಯನಿಗೆ ಇದೇ ಕೆಲಸವನ್ನು 13,62,79,839 ಸಲ ಮಾಡಬೇಕು, ಪ್ರತಿ ಸಲವೂ ಕೋಟಿಗಟ್ಟಲೆ ಅಂಕೆಗಳ ಮೇಲೆ. ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬ ತರುಣ ಹಲವು ದೇಶಗಳ ಬಾಡಿಗೆ ಕಂಪ್ಯೂಟರುಗಳನ್ನು ಇದಕ್ಕೆ ಹಚ್ಚಿದ. ಮೊದಲ ಸುಳಿವು ಕೊಟ್ಟದ್ದು ಡಬ್ಲಿನ್‌ನ ಯಂತ್ರ, ಮರುದಿನ ಖಾತ್ರಿಪಡಿಸಿದ್ದು ಟೆಕ್ಸಾಸಿನದು. 1996ರಿಂದ ಸ್ವಯಂಸೇವಕರು ಮನೆಮನೆಯ ಕಂಪ್ಯೂಟರುಗಳಲ್ಲಿ ನಡೆಸಿಕೊಂಡು ಬಂದ ಹುಡುಕಾಟದ ಫಲ ಇದು. ಬಂದ ಮೂರು ಸಾವಿರ ಡಾಲರ್ ಬಹುಮಾನವನ್ನು ಅವನು ತಾನು ಓದಿದ ಶಾಲೆಗೆ ಕೊಡುವುದಾಗಿ ಹೇಳಿದ.

ಒಡೆಯುತ್ತದೆ ಅಂತ ಗೊತ್ತಾಗುವುದೇ ಬೇರೆ, ಚೂರುಗಳು ಕೈಗೆ ಸಿಗುವುದೇ ಬೇರೆ. ಮರ್ಸೆನ್ 67 ಎರಡುಗಳ ಸಂಖ್ಯೆಯನ್ನು ಅವಿಭಾಜ್ಯ ಅಂದಿದ್ದ. ಅಲ್ಲ ಅಂತ 1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ, ಆದರೆ ಅಪವರ್ತನಗಳು ಅವನಿಗೂ ಸಿಗಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೋಲ್ ಎಂಬ ಮೇಷ್ಟ್ರು ಬೋರ್ಡಿನ ಒಂದು ಕಡೆ ಆ ಇಪ್ಪತ್ತೊಂದು ಅಂಕೆಯ ಸಂಖ್ಯೆ ಬರೆದು, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿ, ಎರಡೂ ಒಂದೇ ಅಂತ ತೋರಿಸಿ ಮಾತಿಲ್ಲದೆ ಹೋಗಿ ಕುಳಿತರಂತೆ. ಇದು ಎಷ್ಟು ದಿನದ ಕೆಲಸ ಅಂತ ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಅಂದರಂತೆ. ನನ್ನ ಮೂರು ಸಂಜೆಯ ಸಂಕಟ ಅವರೆದುರು ಏನೂ ಅಲ್ಲ.

ನಿಮ್ಮ "ಯಾರ ಹೊಟ್ಟೆ ತುಂಬುತ್ತೆ" ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಭಾನುವಾರಗಳಲ್ಲೇ. ಕಪಿಲೆ ನಮ್ಮೂರನ್ನು ದಾಟಿ ನಿಮ್ಮೂರಿಗೆ ಬಂದು ಕಾವೇರಿಗೆ ಸೇರುತ್ತಾಳೆ. ಸೇರಲು ಒಂದು ಕ್ಷಣ ಸಾಕು. ಸಂಗಮದ ಕೆಳಗಿನ ನೀರನ್ನು ಚೊಂಬಿನಲ್ಲಿ ತುಂಬಿಕೊಂಡು ಇದರಲ್ಲಿ ಕಪಿಲೆ ಎಷ್ಟು, ಕಾವೇರಿ ಎಷ್ಟು, ಬೇರೆ ಮಾಡಿ ಕೊಡು ಅಂದರೆ? 647ನ್ನು 883ರಿಂದ ಗುಣಿಸಲು ನನಗೆ ಅರ್ಧ ನಿಮಿಷ ಬೇಕಾಯಿತು, 571301ನ್ನು ಬಿಡಿಸಲು ಮೂರು ಸಂಜೆ. ನಿಮ್ಮ 571124 ಬೇಗ ಬಿಟ್ಟುಕೊಡುತ್ತದೆ: 2 × 2 × 71 × 2011. ಎರಡೂ ಅಪವರ್ತನಗಳು ದೊಡ್ಡವಾಗಿದ್ದರೆ ಮಾತ್ರ ಬೆವರು ಬರುವುದು. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಗುಟ್ಟು ಕಾಯುವ ಬೀಗ ಮಾಡಿದರು. ಮುನ್ನೂರಕ್ಕೂ ಹೆಚ್ಚು ಅಂಕೆಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ, ಬಂದ 617 ಅಂಕೆಯ ಸಂಖ್ಯೆಯನ್ನು ಊರಿಗೆಲ್ಲ ಸಾರಿದರೂ, ಒಳಗಿನ ಎರಡನ್ನು ಯಾರೂ ಬೇರ್ಪಡಿಸಲಾರರು. ಬ್ಯಾಂಕಿನ ಪುಟ ತೆರೆದಾಗ ಮೊಬೈಲಿನ ಮೂಲೆಯಲ್ಲಿ ಕಾಣುವ ಪುಟ್ಟ ಬೀಗದ ಹಿಂದೆ ಬಹಳ ಕಡೆ ಇಂದಿಗೂ ಈ ಲೆಕ್ಕವಿದೆ. ತಮ್ಮ ಬೀಗ ಒಡೆಯಿರಿ ಅಂತ ಆ ಮೂವರು 129 ಅಂಕೆಯ ಸಂಖ್ಯೆಯೊಂದನ್ನು ಕೊಟ್ಟು ನೂರು ಡಾಲರ್ ಪಣ ಕಟ್ಟಿದ್ದರು. 1994ರಲ್ಲಿ ನೂರಾರು ಜನ ಸೇರಿ ಒಡೆದರು. ಬೀಗದ ಅಂಕೆ ಬೆಳೆದದ್ದು ಅದಕ್ಕೇ.

ನಿಮ್ಮ ಸಂಗಮದಲ್ಲಿ ಕಣ್ಣಿಗೆ ಕಾಣದ ಮೂರನೆಯದೂ ಇದೆಯಲ್ಲ, ಸ್ಫಟಿಕ ಸರೋವರ. ಈ ಕಥೆಯಲ್ಲೂ ಒಬ್ಬ ಗುಪ್ತಗಾಮಿನಿ ಇದ್ದಾನೆ. ಬ್ರಿಟಿಷ್ ಗೂಢಚಾರ ಇಲಾಖೆಯ ಕ್ಲಿಫರ್ಡ್ ಕಾಕ್ಸ್ ಇದೇ ಬೀಗವನ್ನು 1973ರಲ್ಲಿ ಕಂಡಿದ್ದ. ಇಲಾಖೆ 1997ರವರೆಗೆ ಅದನ್ನು ಹೊರಗೆ ಬಿಡಲಿಲ್ಲ.

ನಾಲ್ಕು ಕೋಟಿ ಅಂಕೆಯದು ಬೀಗಕ್ಕೆ ಬರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಕೀಲಿಯಿಂದ ಏನು ಪ್ರಯೋಜನ? ಅದನ್ನು ಹುಡುಕಿದ್ದು ಹುಚ್ಚಿಗೆ, ನಾನು ಪಿನ್ ಕೋಡ್ ಹಿಡಿದು ಕುಳಿತ ಹಾಗೆ. ಈ ಹುಚ್ಚು ನಮ್ಮ ಸೀಮೆಗೆ ಹೊಸದೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ 152207ನ್ನು 73ರಿಂದ ಗುಣಿಸಿ ಅಂತ ಕೊಟ್ಟಿದ್ದಾನೆ. ಮಾಡಿ ನೋಡಿ, ಎಂಟು ಒಂದುಗಳ ಹಾರ ಬರುತ್ತದೆ. ಇನ್ನು ನಮ್ಮ ಕಾಲಕ್ಕೆ, 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ. ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಕುಳಿತು ಬಹುಕಾಲ ಇದೇ ಕೆಲಸ ಮಾಡಿದವರು. ಒಂದು ದೊಡ್ಡ ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟು ದೂರ ನಡೆದರೆ, ವರ್ಗಮೂಲಕ್ಕಿಂತ ಸಾಕಷ್ಟು ದೊಡ್ಡ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ ಅಂತ ಅವರು 1969ರಲ್ಲಿ ಸಾಧಿಸಿದರು. ಆರ್. ಬಾಲಸುಬ್ರಮಣಿಯನ್ ಜೊತೆ 1978ರಲ್ಲಿ ಹಾರ್ಡಿ–ರಾಮಾನುಜನ್ ಜರ್ನಲ್ ಶುರುಮಾಡಿದರು. ತೀರಿಕೊಂಡದ್ದು 2011ರಲ್ಲಿ, ನಿಮ್ಮ ಪಿನ್ ಕೋಡಿನ ದೊಡ್ಡ ಅಪವರ್ತನವೂ ಅದೇ 2011. ಕಾಕತಾಳೀಯ ಅಷ್ಟೇ, ಆದರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಮಂಡ್ಯ, ಮೈಸೂರಿನ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತಿದೆ ಅಂತ ಮಾತ್ರ ಕೇಳಬೇಡಿ, ಬೇಜಾರಾಗುತ್ತದೆ.

ಕಾರ್ಡಿಗೆ ಇಷ್ಟುದ್ದ ಉತ್ತರ ಬರೆದು ನಿಮ್ಮನ್ನು ಸುಮ್ಮನೆ ಬಿಟ್ಟರೆ ಹೇಗೆ? ಪಂಚರಥದ ಊರಿನವನು, ಆದ್ದರಿಂದ ಐದನ್ನು ಕೀಲಿ ಮಾಡಿಕೊಂಡು ನಮ್ಮ ಪಿನ್ ಕೋಡಿನಲ್ಲೇ ಒಂದು ಸಂಖ್ಯೆಗೆ ಬೀಗ ಹಾಕಿದ್ದೇನೆ. ಗುಟ್ಟಿನ ಸಂಖ್ಯೆಯನ್ನು ಐದು ಸಲ ಬರೆದುಕೊಂಡು ಗುಣಿಸಿದೆ, 571301ರಿಂದ ಭಾಗಿಸಿದೆ, ಉಳಿದ ಶೇಷ 419783. ತೆರೆಯಲು ಬೇಕಾದ ಕೀಲಿ 647, 883 ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ, ನಿಮಗೆ ಈಗ ಗೊತ್ತಿದೆ. ಎರಡರಲ್ಲೂ ಒಂದೊಂದು ಗುಲಗಂಜಿ ಕಳೆದು ಗುಣಿಸಿ: 646 × 882 = 569772. ಐದರಿಂದ ಗುಣಿಸಿ ಇದರಿಂದ ಭಾಗಿಸಿದರೆ ಒಂದು ಉಳಿಯುವ ಸಂಖ್ಯೆ 227909. ಅಷ್ಟು ಸಲ 419783ನ್ನು ಬರೆದು ಗುಣಿಸಿ 571301ರಿಂದ ಭಾಗಿಸಿದರೆ ನನ್ನ ಗುಟ್ಟು ಹೊರಗೆ. ಕೈಯಲ್ಲಿ ಮಾಡಲು ಹೋಗಬೇಡಿ, ಮೊಮ್ಮಕ್ಕಳ ಕಂಪ್ಯೂಟರ್ ಒಂದು ಚಿಟಿಕೆಗೆ ಮಾಡುತ್ತದೆ. ಆ ಗುಟ್ಟು ನಾಲ್ಕಂಕೆಯ ಒಂದು ಇಸವಿ, ಕಪಿಲೆಗೆ ನಮ್ಮೂರಿನ ಹಳೇ ಸೇತುವೆ ಕಟ್ಟಿದ ಇಸವಿ. ಆ ಇಸವಿ ನಿಮಗೆ ಮೊದಲೇ ನೆನಪಿದ್ದರೆ ಐದು ಸಲ ಗುಣಿಸಿ ತಾಳೆ ನೋಡಿ. ಉತ್ತರ ಸಿಕ್ಕರೆ ಕಾರ್ಡು ಹಾಕಿ, ಪಿನ್ ಕೋಡ್ ಬರೆಯುವುದನ್ನು ಮರೆಯಬೇಡಿ.

ಇತಿ ನಿಮ್ಮ,
ನಂಜನಗೂಡಿನ ಲೆಕ್ಕದ ಮೇಷ್ಟ್ರು